ತಿರುಮಣಿಯ ಸಂಜೆ, ರಾಯಚೂರಿನ ಬಾಯ್ಲರ್

ಪಾವಗಡ ತಾಲ್ಲೂಕಿನ ತಿರುಮಣಿಯ ರಸ್ತೆಯಲ್ಲಿ ಸಂಜೆ ಐದೂವರೆಗೆ ನಿಂತರೆ ಕಣ್ಣು ಹಾಯುವಷ್ಟು ದೂರವೂ ಸೌರ ಫಲಕಗಳೇ. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ಸೀಮೆ ಇದು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿಕೊಂಡಿದೆ. ಇನ್ನೊಂದು ಗಂಟೆ ಕಳೆದರೆ ಇಲ್ಲಿಂದ ಹೊರಡುವ ವಿದ್ಯುತ್ತು ಸೊನ್ನೆ. ಸರಿಯಾಗಿ ಅದೇ ಹೊತ್ತಿಗೆ ತುಮಕೂರಿನ ಮನೆಮನೆಯಲ್ಲೂ ದೀಪ ಹತ್ತುತ್ತದೆ, ಮಿಕ್ಸಿ ತಿರುಗುತ್ತದೆ.

ವಿದ್ಯುತ್ ಜಾಲಕ್ಕೆ ತನ್ನದೇ ಕಣಜವಿಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗಬೇಕು. ಬಳಕೆ ಮೇಲಾದರೆ, ಹೇರು ತುಂಬಿದ ಗಾಡಿ ದಿಣ್ಣೆ ಏರುವಾಗ ಎತ್ತುಗಳ ಹೆಜ್ಜೆ ತಗ್ಗುವಂತೆ, ಜಾಲಕ್ಕೆ ಕಟ್ಟಿಕೊಂಡ ಟರ್ಬೈನ್‌ಗಳೆಲ್ಲ ಕೊಂಚ ನಿಧಾನವಾಗುತ್ತವೆ. ಆವರ್ತನ, ಅಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆಂಬ ಲೆಕ್ಕ, 50 ಹರ್ಟ್ಸ್ ಇರಬೇಕಾದದ್ದು ಕುಸಿಯುತ್ತದೆ. ಆಗ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯ ಕಲ್ಲಿದ್ದಲು ವಿದ್ಯುತ್ ಕೇಂದ್ರಗಳು ಉರಿ ಹೆಚ್ಚಿಸಬೇಕು.

ಆ ಕೆಲಸ ಸಲೀಸಲ್ಲ. ಶಕ್ತಿನಗರದಂಥ ಕೇಂದ್ರದ ಬಾಯ್ಲರ್‌ನ ನೆತ್ತಿಯಲ್ಲಿ ನೀರಿನಿಂದ ಹಬೆ ಬೇರ್ಪಡುವ ದೊಡ್ಡ ಉಕ್ಕಿನ ಡ್ರಮ್ ಇರುತ್ತದೆ. ಒಳಗಿನ ಒತ್ತಡಕ್ಕೆ ತಡೆದುಕೊಳ್ಳಲೆಂದು ಅದರ ಗೋಡೆ ಬಲು ದಪ್ಪ. ಅವಸರದಲ್ಲಿ ಕಾಯಿಸಿದರೆ ಒಳಮೈ ಬೇಗ ಹಿಗ್ಗುತ್ತದೆ, ಹೊರಮೈ ಹಿಂದುಳಿಯುತ್ತದೆ. ಈ ಎಳೆದಾಟ ದಿನದಿನವೂ ಮರುಕಳಿಸಿದರೆ ಲೋಹ ಬಿರುಕು ಬಿಡುತ್ತದೆ. ಪೂರ್ತಿ ತಣ್ಣಗಾದ ಘಟಕವನ್ನು ಮತ್ತೆ ಜಾಲಕ್ಕೆ ಸೇರಿಸಲು ಹಲವು ಗಂಟೆ ಬೇಕು. ಹಾಗಾಗಿ ನಡುಮಧ್ಯಾಹ್ನ ಸೌರ ವಿದ್ಯುತ್ತು ಧಾರಾಳವಾಗಿರುವಾಗಲೂ ಒಲೆ ಆರಿಸದೆ ಉರಿಯನ್ನಷ್ಟೇ ತಗ್ಗಿಸುತ್ತಾರೆ. ತೀರಾ ತಗ್ಗಿಸಿದರೆ ಕಲ್ಲಿದ್ದಲಿನ ಜ್ವಾಲೆ ನಿಲ್ಲದು, ದುಬಾರಿ ತೈಲ ಸುರಿದು ಕಾಪಾಡಬೇಕು; ಯೂನಿಟ್ಟೊಂದಕ್ಕೆ ಸುಡುವ ಕಲ್ಲಿದ್ದಲೂ ಹೆಚ್ಚುತ್ತದೆ. ಘಟಕಗಳು ಸಾಮರ್ಥ್ಯದ ಶೇ 55ಕ್ಕೆ, ಮುಂದೆ ಹಂತಹಂತವಾಗಿ ಶೇ 40ಕ್ಕೆ ಇಳಿಯಲು ಶಕ್ತವಾಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ಪಾಳಿಯಲ್ಲಿ ಕೂತು ಈ ಏರಿಳಿತವನ್ನು ನಿಭಾಯಿಸುವವರ ಕೌಶಲವನ್ನು ನಾವು ಗುರುತಿಸಿದ್ದು ಕಡಿಮೆ.

ಶರಾವತಿಯ ಟರ್ಬೈನ್‌ಗಳು ಕೆಲವೇ ನಿಮಿಷಗಳಲ್ಲಿ ಓಗೊಡುತ್ತವೆ. ಆದರೆ ಲಿಂಗನಮಕ್ಕಿಯ ನೀರನ್ನು ಮುಂದಿನ ಮಳೆಗಾಲದವರೆಗೆ ಎಣಿಸಿಕೊಂಡು ಬಳಸಬೇಕು.

ನನಗೆ ಹೆಚ್ಚು ಭರವಸೆ ಇರುವುದು ಬಳಕೆಯನ್ನೇ ಬಿಸಿಲಿನ ಹೊತ್ತಿಗೆ ಸರಿಸುವುದರಲ್ಲಿ. ನಮ್ಮ ದೊಡ್ಡಪ್ಪ ವರ್ಷಗಟ್ಟಲೆ ರಾತ್ರಿ ಎರಡಕ್ಕೆ ಎದ್ದು, ಟಾರ್ಚ್ ಹಿಡಿದು, ಹಾವಿನ ಭಯದಲ್ಲೇ ತೋಟಕ್ಕೆ ಹೋಗುತ್ತಿದ್ದರು; ಮೂರು ಫೇಸ್ ಕರೆಂಟು ಬರುತ್ತಿದ್ದುದೇ ಆಗ. ಆ ನೀರನ್ನು ಹಗಲಲ್ಲೇ ಎತ್ತಿ ಕೃಷಿಹೊಂಡಕ್ಕೆ ತುಂಬಿಸಬಹುದು. ಅದಕ್ಕೆ ಪಂಪ್‌ಸೆಟ್‌ಗಳಿಗೆ ವಿದ್ಯುತ್ತು ಒಯ್ಯುವ ಮಾರ್ಗ, ಅಂದರೆ ಫೀಡರ್, ಮನೆಗಳ ಫೀಡರ್‌ನಿಂದ ಬೇರೆ ಇರಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ನಡೆದದ್ದು ಈ ಬೇರ್ಪಡಿಸುವ ಕೆಲಸವೇ. ಸಂಜೆಯ ದೀಪಗಳಿಗೆ ಸಾಕಷ್ಟು ಬ್ಯಾಟರಿಗಳು ಬರುವ ತನಕ ಕಲ್ಲಿದ್ದಲು ಬೇಕೇ ಬೇಕು, ಒಪ್ಪುತ್ತೇನೆ. ದೊಡ್ಡಪ್ಪನ ಅಡಿಕೆ ಗಿಡಗಳಿಗೆ ಮಾತ್ರ ನೀರು ಬೆಳಿಗ್ಗೆ ಹತ್ತಕ್ಕೆ ಸಿಕ್ಕರೂ ಸಾಕು.