ಮಳೆಹನಿಯ ಏಟು, ಕೂಳೆಯ ಕಾವಲು

ಮರದ ಬೇರು ಮಣ್ಣನ್ನು ಹಿಡಿದಿಡುತ್ತದೆ, ಆದ್ದರಿಂದ ಸವಕಳಿ ತಪ್ಪಿಸಲು ಮರ ನೆಡಿ. ಶಾಲೆಯ ಪಾಠದಲ್ಲಿ, ವನಮಹೋತ್ಸವದ ಭಾಷಣದಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೆಂದರೆ ಅದನ್ನು ಒರೆಗೆ ಹಚ್ಚುವವರೇ ಇಲ್ಲ. ಗುಡ್ಡ ಜರಿಯುವಲ್ಲಿ, ಹೊಳೆಯ ದಂಡೆ ಕುಸಿಯುವಲ್ಲಿ ಅದು ನಿಜ. ಹೊಲದಲ್ಲಿ ವರ್ಷ ವರ್ಷ ಸದ್ದಿಲ್ಲದೆ ಹೋಗುವ ಮೇಲ್ಮಣ್ಣಿನ ಮಟ್ಟಿಗೆ ಬೇರಿನ ಪಾತ್ರ ಎರಡನೆಯದು. ಸಾಗುವಾನಿ ತೋಪಿನಲ್ಲಿ ತರಗು ಗುಡಿಸಿ ಒಯ್ದಿದ್ದರೆ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಬೇಕು. ಅಗಲವಾದ ಎಲೆಗಳು ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡ ಹನಿ ಮಾಡಿ, ಹತ್ತಾರು ಅಡಿ ಮೇಲಿನಿಂದ ಕೆಳಗೆ ಬಿಡುತ್ತವೆ. ಬೇರು ಬೇಕಾದಷ್ಟಿದ್ದರೂ ನೆಲ ಮಾತ್ರ ಬೋಳು.

ಮಣ್ಣಿನ ಕಳ್ಳ ಹರಿಯುವ ನೀರಿಗಿಂತ ಮೊದಲೇ, ಆಕಾಶದಿಂದಲೇ ಬರುತ್ತಾನೆ ಎಂದು ಲೆಕ್ಕ ಹಾಕಿ ತೋರಿಸಿದವರು 1930ರಿಂದ 1950ರ ದಶಕದವರೆಗೆ ದುಡಿದ ಅಮೆರಿಕದ ಕೃಷಿ ಎಂಜಿನಿಯರುಗಳು. ಆ ಕಾಲ ಎಂದೊಡನೆ ಎಲ್ಲರಿಗೂ ನೆನಪಾಗುವುದು ಧೂಳಿನ ಬಿರುಗಾಳಿ: 1935ರ ಏಪ್ರಿಲ್ 14ರ ಕರಿ ಭಾನುವಾರ, ಎರಡೇ ವಾರದಲ್ಲಿ ಬಂದ ಮಣ್ಣು ಸಂರಕ್ಷಣಾ ಕಾಯ್ದೆ, ಹ್ಯೂ ಹ್ಯಾಮಂಡ್ ಬೆನೆಟ್ ಮುಖ್ಯಸ್ಥನಾದ ಹೊಸ ಇಲಾಖೆ. ಆ ಕಥೆಯನ್ನು ಸಾಕಷ್ಟು ಜನ ಬರೆದಿದ್ದಾರೆ. ಆದರೆ ಬೆನೆಟ್‌ಗೆ ಮಣ್ಣಿನ ಹುಚ್ಚು ಹಿಡಿದದ್ದು ಗಾಳಿಯಿಂದಲ್ಲ. 1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಸಹೋದ್ಯೋಗಿಯೊಬ್ಬನ ಜೊತೆ ಮಣ್ಣಿನ ಸಮೀಕ್ಷೆ ಮಾಡುತ್ತಿದ್ದಾಗ ಅವನು ಅಕ್ಕಪಕ್ಕದ ಎರಡು ತುಂಡು ನೆಲ ನೋಡಿದ. ಕಾಡಿನ ಕಡೆ ಮೆತ್ತನೆಯ, ಕೈಗೆ ಪುಡಿಯಾಗುವ ಮಣ್ಣು, ಉತ್ತ ಹೊಲದ ಕಡೆ ಕಲ್ಲಿನಂಥ ಜೇಡಿ. ಅಡಿಯ ಬಂಡೆಯೂ ಒಂದೇ, ಇಳಿಜಾರೂ ಒಂದೇ. ಕೊರಕಲು ಒಂದೂ ಇಲ್ಲ. ಹಾಗಿದ್ದೂ ಹೊಲದ ಮೇಲ್ಪದರು ಪೂರ್ತಿ ಮಾಯವಾಗಿತ್ತು. ಇದಾಗಿ ನಾಲ್ಕು ವರ್ಷಕ್ಕೆ, 1909ರಲ್ಲಿ, ಅವನ ಇಲಾಖೆಯೇ ಹೊರಡಿಸಿದ ಪ್ರಕಟಣೆಯೊಂದು ಮಣ್ಣು ದೇಶದ ಅವಿನಾಶಿ ಸಂಪತ್ತು ಎಂದು ಸಾರಿತು. ಸರ್ಕಾರಿ ಮುದ್ರೆ ಬಿದ್ದ ಮಾತ್ರಕ್ಕೆ ಮೂಢನಂಬಿಕೆ ವಿಜ್ಞಾನವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕೊರಕಲಿಲ್ಲದೆ ಮಣ್ಣು ಹೋಗುವುದು ಹೇಗೆ? ಉತ್ತರಕ್ಕೆ ಮೊದಲು ಹನಿಯನ್ನು ಅಳೆಯಬೇಕಿತ್ತು. ಅಳತೆಯ ವಿಧಾನ ಸಿಕ್ಕಿದ್ದು ಹಿಮದ ಹರಳುಗಳ ಫೋಟೊ ತೆಗೆಯುತ್ತಿದ್ದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿಯಿಂದ. 1904ರಲ್ಲಿ ಆತ ಪ್ರಕಟಿಸಿದ ಉಪಾಯ ಇಷ್ಟೆ. ಒಂದು ತಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟನ್ನು ಅಂಗುಲದಷ್ಟು ದಪ್ಪ ಹರಡಿ, ಮಳೆಗೆ ಕೆಲವೇ ಸೆಕೆಂಡು ಒಡ್ಡಿ ಮುಚ್ಚಬೇಕು. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದೊಂದು ಉಂಡೆ ಕಟ್ಟುತ್ತದೆ. ಒಣಗಿದ ಮೇಲೆ ಉಂಡೆಗಳ ಗಾತ್ರ ಅಳೆಯಬೇಕು. ಹೆಚ್ಚು ಹೊತ್ತು ಒಡ್ಡಿದರೆ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಲೆಕ್ಕ ಕೆಡುತ್ತದೆ. ಮಣ್ಣು ಸಂರಕ್ಷಣಾ ಇಲಾಖೆಯ ಲಾಸ್ ಮತ್ತು ಪಾರ್ಸನ್ಸ್ ಇದೇ ಹಿಟ್ಟಿನ ತಟ್ಟೆ ಹಿಡಿದು, 1943ರಲ್ಲಿ, ಮಳೆ ಬಿರುಸಾದಷ್ಟೂ ಹನಿ ದಪ್ಪವಾಗುತ್ತದೆಂದು ಅಂಕಿ ಸಮೇತ ತೋರಿಸಿದರು. ಗಂಟೆಗೆ 25 ಮಿಲಿಮೀಟರ್ ಮಳೆಯಲ್ಲಿ ಹನಿಯ ಮಧ್ಯಮ ಗಾತ್ರ ಸುಮಾರು 2.2 ಮಿ.ಮೀ. ಹನಿಗಳ ವೇಗವನ್ನು ಲಾಸ್ ಅದಕ್ಕೂ ಮೊದಲೇ ಅಳೆದಿದ್ದ. ಈ ಗಾತ್ರದ ಹನಿ ಸೆಕೆಂಡಿಗೆ ಹೆಚ್ಚುಕಡಿಮೆ 7 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. 5 ಮಿ.ಮೀ. ಹನಿಯಾದರೆ 9 ಮೀಟರ್.

ಈಗ ಲೆಕ್ಕ ಹಾಕಿ. ಒಂದು ಹೆಕ್ಟೇರ್ ಮೇಲೆ 25 ಮಿ.ಮೀ. ಮಳೆ ಎಂದರೆ 250 ಟನ್ ನೀರು. ಅದು 7 ಮೀಟರ್ ವೇಗದಲ್ಲಿ ಬಿದ್ದರೆ ಅದರ ಚಲನಶಕ್ತಿ ಸುಮಾರು 61 ಲಕ್ಷ ಜೂಲ್. ಅದರಲ್ಲಿ ಅರ್ಧ ನೀರು ಇಂಗದೆ, ಸೆಕೆಂಡಿಗೆ 25 ಸೆಂಟಿಮೀಟರ್‌ನಂತೆ ತೆಳ್ಳಗೆ ಹರಿಯಿತೆನ್ನಿ. ಆ ಹರಿವಿನ ಚಲನಶಕ್ತಿ 4 ಸಾವಿರ ಜೂಲ್ ಕೂಡ ಆಗುವುದಿಲ್ಲ. ಸಾವಿರದೈನೂರು ಪಟ್ಟು ವ್ಯತ್ಯಾಸ! ಹರಿವು ಒಂದೆಡೆ ಕೂಡಿ ಕಾಲುವೆಯಾದ ಮೇಲೆ ಅದರ ಕೊರೆಯುವ ಶಕ್ತಿ ಬೇರೆಯೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೊದಲ ಏಟು ಕೊಟ್ಟು ಮಣ್ಣಿನ ಹರಳುಗಳನ್ನು ಒಡೆಯುವುದು ಹನಿ.

ಒಹಾಯೊದ ಕೊಶಾಕ್ಟನ್ ಪ್ರಯೋಗ ಕೇಂದ್ರದಲ್ಲಿ ಡಬ್ಲ್ಯು. ಡಿ. ಎಲಿಸನ್ ಈ ಏಟನ್ನೇ ಹಿಂಬಾಲಿಸಿದ. 1944ರಿಂದ 1947ರವರೆಗೆ ಬಂದ ಅವನ ಲೇಖನಗಳ ಪ್ರಕಾರ ಹನಿ ಬಡಿದಾಗ ಮಣ್ಣಿನ ಕಣಗಳು ಎರಡು ಅಡಿ ಎತ್ತರಕ್ಕೂ ಐದಡಿ ದೂರಕ್ಕೂ ಸಿಡಿಯಬಲ್ಲವು. ಹಳ್ಳಿಯ ಮನೆಗಳ ಸುಣ್ಣದ ಗೋಡೆಯ ಬುಡದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮೂಡುವ ಕೆಂಪು ಪಟ್ಟಿ ಇದರದ್ದೇ ದಾಖಲೆ. ಸಮತಟ್ಟು ನೆಲದಲ್ಲಿ ಸಿಡಿತ ಎಲ್ಲ ಕಡೆಗೂ ಸಮ, ಹೋದಷ್ಟೇ ಬರುತ್ತದೆ. 10 ಶೇಕಡ ಇಳಿಜಾರಿನಲ್ಲಿ ಸಿಡಿದದ್ದರ ಮುಕ್ಕಾಲು ಪಾಲು ಕೆಳಮುಖವಾಗಿಯೇ ಬೀಳುತ್ತದೆ. ಹೀಗೆ ನೀರು ಹರಿಯುವ ಮೊದಲೇ ಮಣ್ಣು ಕೆಳಗೆ ನಡೆಯಲು ಶುರು ಮಾಡಿರುತ್ತದೆ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಒಡೆದ ನುಣ್ಣನೆಯ ಕಣಗಳು ನೀರಿನೊಂದಿಗೆ ಇಳಿದು ಮಣ್ಣಿನ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಮೇಲ್ಮೈ ಸಗಣಿ ಸಾರಿಸಿದ ಅಂಗಳದ ಹಾಗೆ ಮುಚ್ಚಿಹೋಗುತ್ತದೆ. ನೆಬ್ರಾಸ್ಕಾದ ಲಿಂಕನ್‌ನಲ್ಲಿ ಎಫ್. ಎಲ್. ಡ್ಯೂಲಿ 1939ರಲ್ಲಿ ತೋರಿಸಿದ್ದು ಇದನ್ನೇ: ಒಣಹುಲ್ಲು ಹೊದಿಸಿದ ನೆಲ ಗಂಟೆಗಟ್ಟಲೆ ನೀರು ಕುಡಿಯುತ್ತದೆ, ಹೊದಿಕೆ ತೆಗೆದು ಮಳೆ ಸುರಿಸಿದರೆ ಬೇಗನೆ ಬಾಯಿ ಮುಚ್ಚುತ್ತದೆ. ಮಣ್ಣಿನ ಜಾತಿಗಿಂತ ಮೇಲಿನ ಈ ತೆಳು ಪೊರೆಯೇ ಇಂಗುವಿಕೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ನೀರು ಇಂಗದಿದ್ದರೆ ಹರಿಯುತ್ತದೆ, ಸಿಡಿದ ಮಣ್ಣನ್ನು ಎತ್ತಿಕೊಂಡೇ ಹರಿಯುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಎವಾಲ್ಡ್ ವೊಲ್ನಿ 19ನೇ ಶತಮಾನದ ಕೊನೆಯಲ್ಲೇ ಸಣ್ಣ ಮಡಿಗಳಲ್ಲಿ ಇಂಥ ಪ್ರಯೋಗ ಮಾಡಿ, ಬೆಳೆಯ ಹೊದಿಕೆ ಮಣ್ಣಿನ ರಚನೆಯನ್ನು ಮಳೆಯ ಬಡಿತದಿಂದ ಕಾಯುತ್ತದೆ ಎಂದಿದ್ದ. ಆ ಮಾತು ಹೊಲಕ್ಕೆ ಇಳಿಯಲು ದಶಕಗಳೇ ಬೇಕಾದವು.

ಹೊಲಕ್ಕೆ ಇಳಿದದ್ದು ಡ್ಯೂಲಿ ಮತ್ತು ಜೆ. ಸಿ. ರಸೆಲ್ 1938ರಿಂದ ಬೆಳೆಸಿದ ಕೂಳೆ ಹೊದಿಕೆಯ ಬೇಸಾಯವಾಗಿ. ಕೂಳೆಯೆಂದರೆ ಕೊಯ್ಲಿನ ನಂತರ ಹೊಲದಲ್ಲಿ ಉಳಿಯುವ ಪೈರಿನ ಬುಡ, ಹುಲ್ಲು. ಮಣ್ಣು ಮಗುಚುವ ನೇಗಿಲು ಕೂಳೆಯನ್ನೆಲ್ಲ ಹೂತು ನೆಲ ಬೋಳಿಸುತ್ತದೆ. ಅದರ ಬದಲು ಇಂಗ್ಲಿಷಿನ ವಿ ಆಕಾರದ ಅಗಲವಾದ ಚಪ್ಪಟೆ ಅಲಗನ್ನು ಮಣ್ಣಿನೊಳಗೆ ಮೂರ್ನಾಲ್ಕು ಅಂಗುಲ ಆಳದಲ್ಲಿ ಎಳೆದರೆ ಕಳೆಯ ಬೇರು ಕತ್ತರಿಸುತ್ತದೆ, ಕೂಳೆ ಮೇಲೆಯೇ ಉಳಿಯುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಚಾರ್ಲ್ಸ್ ನೋಬಲ್ 1930ರ ದಶಕದಲ್ಲಿ ಇಂಥದೇ ಅಲಗು ಮಾಡಿ ಮಾರಿದ. ಬಯಲುಸೀಮೆಯ ಯಾವ ರೈತನೂ ಅದರ ಚಿತ್ರ ನೋಡಿದರೆ ಇದು ನಮ್ಮ ಕುಂಟೆಯಲ್ಲವೇ ಎನ್ನುತ್ತಾನೆ. ತತ್ತ್ವದಲ್ಲಿ ಹೌದು, ಕುಂಟೆಯೇ, ಎತ್ತಿನ ಬದಲು ಟ್ರ್ಯಾಕ್ಟರ್.

ಪಶ್ಚಿಮ ನೆಬ್ರಾಸ್ಕಾ, ಕಾನ್ಸಾಸ್ ಕಡೆ ಚಳಿಗಾಲದ ಗೋಧಿಯನ್ನು ಜುಲೈ ಹೊತ್ತಿಗೆ ಕೊಯ್ದರೆ, ಮುಂದಿನ ವರ್ಷದ ಸೆಪ್ಟೆಂಬರ್‌ವರೆಗೆ, 14 ತಿಂಗಳು, ನೆಲ ಬೀಳು. ಆ ಅವಧಿಯಲ್ಲಿ ಹೊದಿಕೆ ಉಳಿಸುವುದೇ ಸವಾಲು. ಅಲಗಿನ ಒಂದು ಸುತ್ತಿನಲ್ಲಿ ಕೂಳೆಯ ಹತ್ತನೇ ಒಂದು ಭಾಗ ಹೂತುಹೋಗುತ್ತದೆ, ತಟ್ಟೆ ನೇಗಿಲಿನ ಒಂದು ಸುತ್ತಿನಲ್ಲಿ ಅರ್ಧದಷ್ಟು. ಹೆಕ್ಟೇರಿಗೆ 4,000 ಕಿಲೊ ಹುಲ್ಲಿನಿಂದ ಶುರು ಮಾಡಿದರೆ ಅಲಗಿನ ನಾಲ್ಕು ಸುತ್ತಿನ ಮೇಲೆ 2,600 ಕಿಲೊ ಉಳಿಯುತ್ತದೆ. ತಟ್ಟೆ ನೇಗಿಲಿನ ಎರಡೇ ಸುತ್ತಿಗೆ 1,000 ಕಿಲೊ. ಮೊದಲ ಸುತ್ತು ಕೊಯ್ಲಾದ ಕೂಡಲೇ, ಸ್ವಲ್ಪ ಆಳಕ್ಕೆ, ನಂತರದವು ಮೇಲ್ಮೇಲೆ. ಬಿತ್ತನೆಗೆ ಮುಂಚಿನದು ಎರಡು ಮೂರು ಅಂಗುಲಕ್ಕಿಂತ ಕೆಳಗಿಳಿಯಬಾರದು, ಬೀಜದಡಿಯ ನೆಲ ಗಟ್ಟಿಯಾಗಿರಬೇಕು.

ಕೆಡುವುದು ಎಲ್ಲೆಂದರೆ, ಮೊದಲನೆಯದಾಗಿ ಕೊಯ್ಲಿನ ಯಂತ್ರ ಹುಲ್ಲನ್ನು ಹರಡದೆ ಸಾಲಾಗಿ ಉಗುಳಿದರೆ ಅಲಗಿನ ಕಾಲಿಗೆ ಕಟ್ಟಿಕೊಳ್ಳುತ್ತದೆ, ಮುಂದೆ ಬಿತ್ತುವ ಕೂರಿಗೆಗೂ ಅದೇ ಗತಿ. ಇನ್ನು ನೆಲ ಹಸಿಯಿದ್ದಾಗ ಅಲಗು ಎಳೆದರೆ ಕಳೆ ಸಾಯುವುದಿಲ್ಲ, ಕತ್ತರಿಸಿದ ಜಾಗದಲ್ಲೇ ಮತ್ತೆ ಬೇರೂರುತ್ತದೆ. ಬಿಸಿಲು ಚುರುಗುಟ್ಟುವ ಒಣ ದಿನವೇ ಬೇಕು. ಗೋಧಿ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲ ಇರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ತಮಗೆ ಕೊರತೆಬಿದ್ದ ಸಾರಜನಕವನ್ನು ಮಣ್ಣಿನಿಂದ ಕಸಿಯುತ್ತವೆ, ಎಳೆ ಪೈರು ಹಳದಿಯಾಗುತ್ತದೆ. ಒಣ ಪಶ್ಚಿಮದಲ್ಲಿ ಉಳಿದ ತೇವದ ಲಾಭ ಈ ನಷ್ಟವನ್ನು ಮೀರಿಸಿತು. ಮಳೆ ಹೆಚ್ಚಿರುವ ಪೂರ್ವದಲ್ಲಿ ಇಳುವರಿ ಕುಸಿದು ರೈತರು ನೇಗಿಲಿಗೇ ಮರಳಿದರು. ಯುದ್ಧದ ನಂತರ ಸಾರಜನಕ ಗೊಬ್ಬರ ಅಗ್ಗವಾದದ್ದು, 2,4-ಡಿ ಕಳೆನಾಶಕ ಮಾರುಕಟ್ಟೆಗೆ ಬಂದದ್ದು ಈ ತಕರಾರಿನ ಒಂದಷ್ಟನ್ನು ಬಗೆಹರಿಸಿದವು. ಆ ಪರಿಹಾರಕ್ಕೆ ಅದರದ್ದೇ ಬೆಲೆ ಇತ್ತು ಎನ್ನುವುದು ಬೇರೆ ಕಥೆ.

ಉಳುಮೆಗೆ ಬಾರದ ನೆಲವನ್ನು ಮತ್ತೆ ಹುಲ್ಲಿಗೆ ಒಪ್ಪಿಸುವುದು ಇನ್ನೊಂದು ದಾರಿ. 1950ರ ದಶಕದಲ್ಲಿ ಬರ ಮರುಕಳಿಸಿದಾಗ 1956ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ದುಡ್ಡು ಕೊಡತೊಡಗಿತು. ಹುಲ್ಲು ತಾನಾಗಿ ಬರುತ್ತದೆ, ಅದಕ್ಕೇನು ಬೇಸಾಯ ಎನ್ನುವವರು ಬ್ಲೂಸ್ಟೆಮ್ ಹುಲ್ಲಿನ ಬೀಜ ನೋಡಿಲ್ಲ. ಅದು ರೋಮ ತುಂಬಿದ ಹತ್ತಿಯಂಥ ವಸ್ತು, ಕೂರಿಗೆಯ ಡಬ್ಬಿಯಿಂದ ಇಳಿಯುವುದೇ ಇಲ್ಲ. ಒಳಗೆ ಕಲಕುವ ಸಾಧನ ಬೇಕು. ಬಿತ್ತುವ ಆಳ ಅರ್ಧ ಅಂಗುಲ, ಅದಕ್ಕಿಂತ ಕೆಳಗೆ ಬಿದ್ದದ್ದರಲ್ಲಿ ಹೆಚ್ಚಿನದು ಮೇಲೆ ಬರುವುದಿಲ್ಲ. ಬೋಳು ನೆಲದಲ್ಲಿ ಬಿತ್ತಿದರೆ ಎಳೆ ಸಸಿಯನ್ನು ಗಾಳಿಯ ಮರಳೇ ಕತ್ತರಿಸುತ್ತದೆ. ಆದ್ದರಿಂದ ಹಿಂದಿನ ಬೇಸಗೆಯಲ್ಲಿ ತಡವಾಗಿ ಜೋಳ ಬಿತ್ತಿ, ಕಾಳು ಕಟ್ಟುವ ಮೊದಲೇ ಕೊಯ್ದು, ನಿಂತ ಕೂಳೆಯ ನಡುವೆ ಮರುವರ್ಷ ಹುಲ್ಲು ಬಿತ್ತುತ್ತಿದ್ದರು. ಕಾಳು ಕಟ್ಟಲು ಬಿಟ್ಟರೆ ಉದುರಿದ ಜೋಳ ಮೊಳೆತು ಹುಲ್ಲಿನ ಸಸಿಗಳನ್ನು ನುಂಗುತ್ತದೆ. ಮೊದಲ ವರ್ಷ ದನ ಬಿಡುವಂತಿಲ್ಲ.

ಆಮೇಲೆ ಎಷ್ಟು ಮೇಯಿಸಬಹುದು? ಬಯಲಿನ ರೂಢಿಯ ಮಾತು ಅರ್ಧ ತಗೊ, ಅರ್ಧ ಬಿಡು. ಎಫ್. ಜೆ. ಕ್ರೈಡರ್ ಎಂಬ ಸಂಶೋಧಕ 1955ರಲ್ಲಿ ಅದಕ್ಕೆ ಕಾರಣ ಕೊಟ್ಟ. ಎಲೆಯ ಅರ್ಧದಷ್ಟು ಕತ್ತರಿಸಿದರೆ ಬೇರಿನ ಬೆಳವಣಿಗೆಗೆ ಅಷ್ಟೇನೂ ಅಡ್ಡಿಯಿಲ್ಲ, 80 ಶೇಕಡ ಕತ್ತರಿಸಿದರೆ ಬೇರು ಸುಮಾರು 12 ದಿನ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಉಳಿಸಿದ ಅರ್ಧ ಹುಲ್ಲು ಮುಂದೆ ಒಣಗಿ ಬಿದ್ದು ಹನಿಯ ಏಟಿಗೆ ಮೈಯೊಡ್ಡುವ ಹೊದಿಕೆಯೂ ಆಗುತ್ತದೆ.

ಹಾಗಾದರೆ ಒಡ್ಡು, ಬದು, ಅಡ್ಡ ಉಳುಮೆ ದಂಡವೇ? ಅಲ್ಲ. 3ರಿಂದ 8 ಶೇಕಡ ಇಳಿಜಾರಿನಲ್ಲಿ ಅಡ್ಡ ಉಳುಮೆ ಮಣ್ಣಿನ ನಷ್ಟವನ್ನು ಅರ್ಧಕ್ಕಿಳಿಸುತ್ತದೆ, 20 ಶೇಕಡ ದಾಟಿದರೆ ಹತ್ತರಲ್ಲೊಂದು ಪಾಲು ಉಳಿಸಿದರೂ ಹೆಚ್ಚು. ಸಾಲು ತುಂಬಿ ಒಂದೆಡೆ ಒಡೆದರೆ ಕೆಳಗಿನ ಸಾಲುಗಳೆಲ್ಲ ಒಡೆಯುತ್ತವೆ. ಬದು ಮಾಡುವುದು ಬುಡ ಸಡಿಲಿಸಿಕೊಂಡು ಹೊರಟ ಮಣ್ಣನ್ನು ದಾರಿಯಲ್ಲಿ ತಡೆಯುವ ಕೆಲಸ. ಏಟನ್ನು ಅದು ತಪ್ಪಿಸುವುದಿಲ್ಲ.

ನಮ್ಮಲ್ಲಿ ಇದರ ಪಾಠ ಕಲಿಸಿದ್ದು ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. 1942ರ ಮುಂಬಯಿ ಭೂ ಅಭಿವೃದ್ಧಿ ಯೋಜನೆಗಳ ಕಾಯ್ದೆಯ ಮುಂದೆ ಹಿಂದೆ ವಿಜಯಪುರದ ಕಡೆ ಸಮಪಾತಳಿ ಬದುಗಳ, ಅಂದರೆ ಒಂದೇ ಮಟ್ಟದ ಗೆರೆಯಲ್ಲಿ ಹಾಕುವ ಬದುಗಳ, ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮಸಾರಿ ಎಂಬ ಕೆಂಪು ಮಣ್ಣಿನಲ್ಲಿ ಅವು ನಿಂತವು. ನೀರು ನಿಧಾನ ಕುಡಿಯುವ ಎರೆಯಲ್ಲಿ ಬದುವಿನ ಹಿಂದೆ ದಿನಗಟ್ಟಲೆ ನೀರು ನಿಂತು ಬೆಳೆ ಕೊಳೆಯಿತು. ಬೇಸಗೆಯಲ್ಲಿ ಮಣ್ಣಿನ ಜೊತೆ ಬದುವೂ ಬಿರಿದು, ಮುಂದಿನ ಮಳೆಗೆ ಆ ಬಿರುಕಿನಿಂದಲೇ ಒಡೆಯಿತು. ಹೀಗಾಗಿ ಎರೆಭೂಮಿಗೆ, 1954ರಲ್ಲಿ ಶುರುವಾದ ಬಳ್ಳಾರಿಯ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರವೂ ಸೇರಿದಂತೆ, ತಜ್ಞರು ಸ್ವಲ್ಪ ಇಳಿವು ಕೊಟ್ಟು ಹೆಚ್ಚುವರಿ ನೀರನ್ನು ಹುಲ್ಲುಗಾಲುವೆಗೆ ಸಾಗಿಸುವ ಬದುಗಳತ್ತ ಹೊರಳಿದರು.

ಆದರೂ ಹಿಂಗಾರಿ ಜೋಳದ ಎರೆಹೊಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಹೊಡೆಯುವ ಅಷ್ಟೂ ತಿಂಗಳು, ಬೋಳಾಗಿಯೇ ಬಿದ್ದಿರುತ್ತದೆ. ಕುಂಟೆ ಇದೆ, ಕೂಳೆ ಇಲ್ಲ: ಕಣಿಕೆ ದನದ ಮೇವು, ಅದನ್ನು ಹೊಲದಲ್ಲಿ ಬಿಡಿ ಎಂದು ಬಡ ರೈತನಿಗೆ ಹೇಳುವುದು ಸುಲಭ. ಮಳೆ 650 ಮಿ.ಮೀ. ಆಸುಪಾಸು ಇರುವ, ಆಳವಾದ ಎರೆಯಲ್ಲಿ ಜೂನ್ ಹದಕ್ಕೆ ಹೆಸರು ಬಿತ್ತಿ, ಆಗಸ್ಟ್ ಕೊನೆಗೆ ಕಾಯಿ ಬಿಡಿಸಿ, ಆಮೇಲೆ ಜೋಳ ಬಿತ್ತುವ ಪದ್ಧತಿ ಇದೆ. ಏಟು ಬೀಳುವ ತಿಂಗಳಲ್ಲಿ ನೆಲದ ಮೇಲೆ ಎಲೆ ಇರುತ್ತದೆ. ಮುಂಗಾರು ಕೈಕೊಟ್ಟ ವರ್ಷ ಹೆಸರು ಜೋಳದ ಪಾಲಿನ ತೇವವನ್ನೂ ಕುಡಿದುಬಿಡುತ್ತದೆ, ಹೆದರಿಕೆ ಅದೊಂದೇ. ನಷ್ಟ ಎಷ್ಟೆಂದು ತಿಳಿಯಲು ಯಂತ್ರ ಬೇಡ. ಬಿರುಮಳೆಯ ಮರುದಿನ ಬಗ್ಗಿ ನೋಡಿದರೆ ಸಣ್ಣ ಕಲ್ಲುಗಳು ಮಣ್ಣಿನ ಪುಟ್ಟ ಕಂಬಗಳ ಮೇಲೆ ಕೂತಿರುತ್ತವೆ. ಕಲ್ಲಿನಡಿ ಏಟು ಬಿದ್ದಿಲ್ಲ, ಸುತ್ತಲಿನ ಮಣ್ಣು ಹೋಗಿದೆ. ಕಂಬದ ಎತ್ತರ ಒಂದು ಮಿಲಿಮೀಟರ್ ಇದ್ದರೆ ಹೆಕ್ಟೇರಿಗೆ ಸುಮಾರು 13 ಟನ್. ಅಮೆರಿಕದವರು ಇಡೀ ವರ್ಷಕ್ಕೆ ಸಹಿಸಬಹುದಾದ ನಷ್ಟವೆಂದು ಇಟ್ಟುಕೊಂಡ ಗರಿಷ್ಠ ಮಿತಿ 11 ಟನ್.