ಊಜಿ: ಗೆರೆಯಿರುವ ನೊಣವೆಲ್ಲ ಊಜಿಯಲ್ಲ

ಊಜಿ ರೇಷ್ಮೆ ಹುಳುವಿನ ಒಡಲು ತಿಂದು ಬೆಳೆಯುವ ನೊಣ. ನೊಣದ ಎದೆಯ ಮೇಲೆ ನಾಲ್ಕು ಕಪ್ಪು ಗೆರೆ ಕಂಡರೆ ಸಾಕು, ಫೋಟೊದ ಕೆಳಗೆ ‘ಊಜಿ ನೊಣ’ ಎಂದು ಬರೆದುಬಿಡುತ್ತಾರೆ. ಮನೆನೊಣಕ್ಕೂ ನಾಲ್ಕೇ ಗೆರೆ.

‘ಉಜಿ’ ಜಪಾನಿ ಪದ. ಅರ್ಥ ನೊಣವಲ್ಲ, ನೊಣದ ಕಾಲಿಲ್ಲದ ಬಿಳಿ ಮರಿಹುಳು. ರೇಷ್ಮೆ ಹುಳುವಿನ ಒಡಲಲ್ಲಿ ಬೆಳೆದು ಹೊರಬರುವ ಆ ಮರಿಯ ಹೆಸರೇ ನೊಣಕ್ಕೂ ಅಂಟಿತು. ಪದದ ಬೆನ್ನಿಗೆ ಗೊಂದಲವೂ ಬಂತು. ಜಪಾನಿನ ಊಜಿ ಬ್ಲೆಫಾರಿಪಾ ಕುಲದ್ದು. ಹಿಪ್ಪುನೇರಳೆ ಎಲೆಯ ಮೇಲೆ ತೀರಾ ಸಣ್ಣ ಮೊಟ್ಟೆ ಇಡುತ್ತದೆ, ಹುಳು ಅದನ್ನು ಸೊಪ್ಪಿನೊಡನೆ ನುಂಗುತ್ತದೆ. 1980ರಲ್ಲಿ ಪಶ್ಚಿಮ ಬಂಗಾಳದ ರೇಷ್ಮೆ ಗೂಡುಗಳೊಂದಿಗೆ ಕರ್ನಾಟಕಕ್ಕೆ ಬಂದದ್ದು ಎಕ್ಸೊರಿಸ್ಟಾ ಬಾಂಬಿಸಿಸ್. ಇದು ಹುಳುವಿನ ಮೈಗೇ ಮೊಟ್ಟೆ ಅಂಟಿಸುತ್ತದೆ. ಹಾಗಿರುವಾಗ ಸೊಪ್ಪಿನ ಮೇಲಿನ ಚುಕ್ಕೆಯನ್ನು ಊಜಿ ಮೊಟ್ಟೆ ಎಂದು ತೋರಿಸಿ ತೋಟಕ್ಕೆ ಔಷಧಿ ಹೊಡೆಸುವುದು ಹುಳುವಿಗೇ ವಿಷವಿಟ್ಟಂತೆ.

ಫೋಟೊದಲ್ಲಿ ಅಳತೆಪಟ್ಟಿ ಇರಲಿ: ಮನೆನೊಣ 6–7 ಮಿ.ಮೀ., ಊಜಿ ಸುಮಾರು 10–12. ಬರೀ ಬೆನ್ನಿನ ಚಿತ್ರ ಸಾಲದು, ಪಕ್ಕದಿಂದಲೂ ತೆಗೆಯಬೇಕು. ಎದೆಯ ಹಿಂತುದಿಯ ಸಣ್ಣ ಫಲಕದ ಅಡಿಯಲ್ಲಿ ಇನ್ನೊಂದು ದುಂಡನೆಯ ಉಬ್ಬು ಕಂಡರೆ ಅದು ಊಜಿಯ ಕುಟುಂಬವಾದ ಟ್ಯಾಕಿನಿಡೆಯದು. ಮನೆನೊಣಕ್ಕೂ, ಮೂರು ಗೆರೆಯ ಮಾಂಸದ ನೊಣಕ್ಕೂ ಆ ಉಬ್ಬು ಇಲ್ಲ. ಮುಖದ ಚಿತ್ರವೂ ಬೇಕು: ಮೀಸೆಯ ಎಳೆ ಊಜಿಯಲ್ಲಿ ಬೋಳು, ಮನೆನೊಣದಲ್ಲಿ ಗರಿಯಂತೆ. ನೊಣವನ್ನು ಡಬ್ಬಿಯಲ್ಲಿಟ್ಟು ಕೆಲವು ನಿಮಿಷ ಫ್ರಿಜ್ಜಿನಲ್ಲಿರಿಸಿದರೆ ಅಲುಗಾಡದೆ ಸಿಗುತ್ತದೆ.

ಇಷ್ಟಾದರೂ ಸಿಗುವುದು ಕುಟುಂಬ ಮಾತ್ರ. ಎಕ್ಸೊರಿಸ್ಟಾದ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೆಳೆಯ ಕಂಬಳಿಹುಳುಗಳನ್ನು ಕೊಲ್ಲುವ ಟ್ಯಾಕಿನಿಡೆಗಳೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. ಅವು ರೈತನ ನೆಂಟರು.

ಆದ್ದರಿಂದ ನೊಣಕ್ಕಿಂತ ರೇಷ್ಮೆ ಹುಳುವಿನ ಫೋಟೊ ಮುಖ್ಯ. ಮರಿ ಒಳಹೊಕ್ಕ ಕಡೆ ದೊಡ್ಡ ಕಪ್ಪು ಕಲೆ ಇರುತ್ತದೆ, ಎಷ್ಟೋ ಸಲ ಬಿಳಿ ಮೊಟ್ಟೆಯ ಸಿಪ್ಪೆಯೂ ಅಲ್ಲೇ ಅಂಟಿರುತ್ತದೆ. ಮೆಣಸಿನ ಪುಡಿ ಉದುರಿಸಿದಂತೆ ಮೈತುಂಬ ಚುಕ್ಕೆಗಳಿದ್ದರೆ ಗಂಟು ರೋಗದ (ಪೆಬ್ರಿನ್ ಎಂಬ ಸೋಂಕಿನ) ಅನುಮಾನ ಬರಬೇಕು, ಅದರ ದಾರಿಯೇ ಬೇರೆ. ಕಲೆಯಿರುವ ಹುಳುವನ್ನು ಬಟ್ಟೆ ಕಟ್ಟಿದ ಜಾಡಿಯಲ್ಲಿ ಒಣಮರಳಿನ ಮೇಲಿಡಿ. ಮರಿ ಹೊರಬಂದು ಮರಳಿಗಿಳಿದು ಕೋಶವಾಗುತ್ತದೆ. ಅದರಿಂದ ನೊಣ ಎದ್ದ ಮೇಲೆ ಫೋಟೊ ತೆಗೆದು, ಯಾವ ಹುಳುವಿನಿಂದ ಬಂತೆಂದು ಜೊತೆಗೇ ಬರೆಯಿರಿ. ಜಾಡಿಯನ್ನು ಹುಳುಮನೆಯಿಂದ ದೂರವಿಡಿ, ನೊಣವನ್ನು ಹೊರಬಿಡಬೇಡಿ.