ಬೆಳಗಿನ ಕಾಫಿಗೂ ಮುಂಚೆ ನುಂಗುವ ಮಾತ್ರೆ

ಎಷ್ಟೋ ಮನೆಗಳಲ್ಲಿ ಹಲ್ಲುಜ್ಜಿದ ಕೂಡಲೇ ಮೊದಲ ಕೆಲಸ ಗ್ಯಾಸ್ಟ್ರಿಕ್ ಮಾತ್ರೆ ನುಂಗುವುದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಹೆಸರು ಬೇರೆ ಬೇರೆ, ಕೆಲಸ ಒಂದೇ. "ಯಾವಾಗಿಂದ ತಗೊಳ್ತಿದ್ದೀರಿ?" ಅಂದರೆ "ಐದಾರು ವರ್ಷ ಆಯ್ತು ಡಾಕ್ಟ್ರೇ" ಅನ್ನುತ್ತಾರೆ. ಯಾಕೆ ಶುರುವಾಯಿತು ಅಂತ ಕೇಳಿದರೆ ನೆನಪಿರುವುದಿಲ್ಲ.

ಮಾತ್ರೆ ಒಳ್ಳೆಯದೇ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಪುಟ್ಟ ಪಂಪುಗಳಿರುತ್ತವೆ, ಇದು ಅವನ್ನು ನಿಲ್ಲಿಸುತ್ತದೆ. ಊಟದ ಹೊತ್ತಿಗೆ ಪಂಪುಗಳು ಚುರುಕಾಗುತ್ತವೆ. ಆಗ ರಕ್ತದಲ್ಲಿ ಔಷಧ ಸಿದ್ಧವಿರಬೇಕು. ಅದಕ್ಕೇ ತಿಂಡಿಗೆ 30ರಿಂದ 60 ನಿಮಿಷ ಮುಂಚೆ ತಗೊಳ್ಳಿ ಅನ್ನುವುದು. ತಿಂಡಿ ಆದಮೇಲೆ ನುಂಗಿ, ಕೆಲಸ ಮಾಡ್ತಿಲ್ಲ ಅಂತ ಡೋಸ್ ಜಾಸ್ತಿ ಮಾಡಿಕೊಳ್ಳುವವರು ಬಹಳ ಮಂದಿ. ನನ್ನ ತಕರಾರು ಇರುವುದು, ಏನಾಗಿದೆ ಅಂತ ನೋಡದೆ ವರ್ಷಗಟ್ಟಲೆ ನುಂಗುವುದರ ಬಗ್ಗೆ.

ಹೊಟ್ಟೆ ಉರಿ ಅಂತ ಬಂದ ವಯಸ್ಸಾದ ತಾಯಂದಿರನ್ನು ನಾನು ಮೊದಲು ಕೇಳುವುದು ಮಂಡಿ ನೋವಿನ ಬಗ್ಗೆ. "ಮಂಡಿಗೆ ಏನಾದ್ರೂ ತಗೊಳ್ತಿದ್ದೀರಾ ಅಮ್ಮ?" ಚೀಲದ ತಳದಿಂದ ಒಂದು ಸ್ಟ್ರಿಪ್ ಹೊರಬರುತ್ತದೆ. ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್, ಮೆಡಿಕಲ್ ಶಾಪಿನಿಂದ ನೇರವಾಗಿ ತಂದದ್ದು. ಈ ನೋವಿನ ಮಾತ್ರೆಗಳು ಜಠರದ ಒಳಪದರದ ರಕ್ಷಣೆಯನ್ನೇ ಕಿತ್ತುಹಾಕುತ್ತವೆ. ಹುಣ್ಣಾಗುತ್ತದೆ, ಕೆಲವರಿಗೆ ರಕ್ತ ಜಿನುಗುತ್ತದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿರುತ್ತದೆ. ಮಲದ ಬಣ್ಣ ಕೇಳಿದರೆ ನಾಚಿಕೊಳ್ಳುತ್ತಾರೆ, ಆಮೇಲೆ ಮೆಲ್ಲಗೆ "ಕರ್ರಗೆ, ಅಂಟಂಟಾಗಿ ಹೋಗ್ತಿದೆ" ಅನ್ನುತ್ತಾರೆ. ಡಾಂಬರಿನಂಥ ಆ ಕಪ್ಪು, ಜೀರ್ಣವಾದ ರಕ್ತದ ಬಣ್ಣ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಮೊದಲೆಲ್ಲ ಅಲ್ಸರ್ ಅಂದರೆ ಟೆನ್ಷನ್ನು, ಖಾರ ಅಂತಲೇ ನಂಬಿದ್ದರು. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ಅವರ ಜೊತೆ ಸಂಶೋಧನೆ ಮಾಡಿದ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಇದಕ್ಕೆ ಆಂಟಿಬಯೋಟಿಕ್ ಸೇರಿದ ಚಿಕಿತ್ಸೆ ಇದೆ, ಸಾಮಾನ್ಯವಾಗಿ 14 ದಿನದ್ದು. ಬರೀ ಗ್ಯಾಸ್ಟ್ರಿಕ್ ಮಾತ್ರೆಯಿಂದ ಉರಿ ಅಡಗುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಉಳಿಯುತ್ತದೆ. ಜೊತೆಗೆ, ಮಾತ್ರೆ ತಗೊಳ್ಳುತ್ತಲೇ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿದರೆ ಸೋಂಕಿದ್ದರೂ ಇಲ್ಲ ಅಂತ ಬರಬಹುದು. ಹಾಗಾಗಿ ಡಾಕ್ಟರನ್ನು ಕೇಳಿ, ಎರಡು ವಾರ ಮೊದಲೇ ನಿಲ್ಲಿಸಬೇಕು.

ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಗಾಳಿ ಹೋಗುವುದು, ಇವಕ್ಕೂ ಇದೇ ಮಾತ್ರೆ ನುಂಗುತ್ತಾರೆ. ಆಮ್ಲಕ್ಕೂ ಆ ಗಾಳಿಗೂ ಹೆಚ್ಚಿನ ಸಂಬಂಧವಿಲ್ಲ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ನಮ್ಮಲ್ಲಿ ತುಂಬಾ ಜನ. ಎರಡು ವಾರ ಹಾಲು ಬಿಟ್ಟು ನೋಡಿ, ಮೊಸರು, ಮಜ್ಜಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ರಾತ್ರಿ ಮಲಗಿದಾಗ ಹುಳಿತೇಗು ಬರುವವರು ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಕೊಡಿ, ಮಂಚದ ತಲೆ ಕಡೆಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿ. ಬರೀ ದಿಂಬು ಜೋಡಿಸಿದರೆ ಹೊಟ್ಟೆ ಮಡಚಿ ಇನ್ನೂ ಜಾಸ್ತಿಯಾಗುತ್ತದೆ.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಪದೇಪದೇ ವಾಂತಿ, ರಕ್ತ ಕಡಿಮೆಯಾಗುವುದು, ಇವಿದ್ದರೆ ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ) ಮುಂದೂಡಬೇಡಿ. ಎದೆಯುರಿಯ ಜೊತೆ ಬೆವರು, ಉಸಿರಾಟಕ್ಕೆ ಕಷ್ಟ, ದವಡೆಗೋ ತೋಳಿಗೋ ಹರಿಯುವ ನೋವು ಇದ್ದರೆ ಜೆಲುಸಿಲ್ ಕುಡಿದು ಕಾಯಬೇಡಿ, ಮೊದಲು ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆಯವರು ಇದನ್ನು ಖಂಡಿತ ಮರೆಯಬಾರದು, ಅವರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆಯೂ ಬರಬಹುದು.

ವರ್ಷಗಳಿಂದ ತಗೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ಮಾತ್ರೆ ಎಸೆಯಬೇಡಿ. ಥಟ್ಟನೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಸುರಿಯುತ್ತದೆ. ಆ ಉರಿ ನೋಡಿ, ಇದಿಲ್ಲದೆ ಆಗೋದೇ ಇಲ್ಲ ಅಂತ ಜನ ಮತ್ತೆ ಶುರು ಮಾಡುತ್ತಾರೆ. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವ ಕೆಲವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಮುಂದುವರಿಯಲೇಬೇಕು. ಉಳಿದವರು ಡಾಕ್ಟರ ಜೊತೆ ಮಾತಾಡಿ, ಡೋಸ್ ಇಳಿಸಿ, ದಿನ ಬಿಟ್ಟು ದಿನ ತಗೊಂಡು ನಿಧಾನವಾಗಿ ಬಿಡಬಹುದು. ಹೋಗುವಾಗ ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆಯೂ ಕೇಳಿ. ಬಹುಕಾಲ ಈ ಮಾತ್ರೆ ತಗೊಂಡವರಲ್ಲಿ ಅದು ಕಡಿಮೆಯಾಗುವುದುಂಟು.